ತಾಳಮದ್ದಲೆಯ ಹಳೇ ಕ್ಯಾಸೆಟ್‌ಗಳನ್ನು ಹಂಚುವಾಗ ನಾವು ಎಂಪಿ3ಯನ್ನೇ ಯಾಕೆ ಆರಿಸಿದೆವು

ಸಿದ್ದಾಪುರ ತಾಲೂಕಿನ ಒಂದು ತೋಟದ ಮನೆಯಲ್ಲಿ 70ರ ಹತ್ತಿರ ಕ್ಯಾಸೆಟ್‌ಗಳಿದ್ದವು. ಎಲ್ಲವೂ ತಾಳಮದ್ದಲೆ. ನನ್ನ ಸ್ನೇಹಿತನ ಅಪ್ಪ 1980ರ ದಶಕದ ಕೊನೆಯಿಂದ ಹತ್ತು ವರ್ಷದಷ್ಟು ಕಾಲ ಸುತ್ತಮುತ್ತಲ ದೇವಸ್ಥಾನಗಳಲ್ಲಿ, ಮನೆಗಳ ಜಗಲಿಯಲ್ಲಿ ನಡೆದ ಕೂಟಗಳಿಗೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ಹಿಡಿದಿಟ್ಟವು. ಅವರಿಗೀಗ ವಯಸ್ಸಾಗಿದೆ, ಟೇಪ್ ರೆಕಾರ್ಡರ್ ಕೆಟ್ಟು ಎಷ್ಟೋ ಕಾಲವಾಗಿದೆ. ಮಲೆನಾಡಿನ ಥಂಡಿಗೆ ಕೆಲವು ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿಯಲು ಶುರುವಾಗಿತ್ತು. ಅವರು ಕೇಳಿದ್ದು ಇಷ್ಟೇ: "ತಮಾ, ಇದನ್ನ ಮೊಬೈಲಿಗೆ ಬರೋ ಹಾಗೆ ಮಾಡು, ಎಲ್ಲರೂ ಕೇಳಲಿ."

ಎಲ್ಲರೂ ಕೇಳಲಿ ಅನ್ನುವ ಆ ಮಾತೇ ಈ ಪ್ರಕರಣದ ಕಷ್ಟದ ಭಾಗ. ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸುವುದು ತಾಳ್ಮೆಯ ಕೆಲಸ, ಅಷ್ಟೇ. ಇಳಿಸಿದ್ದನ್ನು ಯಾವ ಫಾರ್ಮ್ಯಾಟ್‌ನಲ್ಲಿ ಇಡಬೇಕು, ಯಾವುದರಲ್ಲಿ ಹಂಚಬೇಕು ಎನ್ನುವಲ್ಲಿ ಜನ ಎಡವುತ್ತಾರೆ. ಒಮ್ಮೆ ಎಡವಿದರೆ ಕೆಲವು ಸಲ ತಿದ್ದಲು ದಾರಿಯೇ ಇರುವುದಿಲ್ಲ. ಇದೇ ಮನೆಯಲ್ಲಿ ಅದಕ್ಕೊಂದು ಉದಾಹರಣೆ ಸಿಕ್ಕಿತು, ಅದನ್ನು ಮುಂದೆ ಹೇಳುತ್ತೇನೆ.

ತಾಳಮದ್ದಲೆ ಕೇಳಿ ಗೊತ್ತಿಲ್ಲದವರಿಗೆ ಒಂದು ಮಾತು. ಇದು ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಲೆ ಇರುತ್ತದೆ, ಚಂಡೆಯೂ ಇರುತ್ತದೆ. ಅರ್ಥಧಾರಿಗಳು ಕೂತಲ್ಲೇ ಬರೀ ಮಾತಿನಲ್ಲಿ ಪಾತ್ರ ಕಟ್ಟುತ್ತಾರೆ, ಆ ಮಾತಿಗೇ ಅರ್ಥ ಎನ್ನುತ್ತಾರೆ. ವಾಲಿ ಬಿದ್ದ ಮೇಲೆ ರಾಮನ ಜೊತೆ ಮಾಡುವ ವಾದ ಒಂದು ಗಂಟೆಯೂ ನಡೆಯಬಹುದು. ಮೇಳಗಳ ತಿರುಗಾಟ ನಿಂತಿರುವ ಮಳೆಗಾಲದಲ್ಲಿ ಇದು ಜಾಸ್ತಿ. ಹಾಗಾಗಿ ಬಹಳಷ್ಟು ಕ್ಯಾಸೆಟ್‌ನಲ್ಲಿ ಹಿಂದುಗಡೆ ಹಂಚಿನ ಮೇಲೆ ಮಳೆ ಬೀಳುವ ಸದ್ದು ಒಂದೇ ಸಮನೆ ಇದೆ. ಒಂದು ಕಡೆ ಮೆಲ್ಲಗಿನ ಮಾತು, ಇನ್ನೊಂದು ಕಡೆ ಪಟ್ ಎಂದು ಬೀಳುವ ಚಂಡೆಯ ಪೆಟ್ಟು, ತಾಳದ ಕಿಣಿ, ಇವೆಲ್ಲದರ ಕೆಳಗೆ ಮಳೆ ಮತ್ತು ಟೇಪಿನ ಸುಯ್ ಸದ್ದು. ಫೈಲನ್ನು ಚಿಕ್ಕದು ಮಾಡುವ ಯಾವ ಕೋಡೆಕ್‌ಗೂ ಇದು ಸುಲಭದ ಸರಕಲ್ಲ.

ಕೇಳುವವರು ಯಾರು

ಫಾರ್ಮ್ಯಾಟ್ ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಯಾರು ಯಾವುದರಲ್ಲಿ ಕೇಳುತ್ತಾರೆ ಎಂದು ಕೇಳಬೇಕು. ನಾವು ಮನೆಯವರ ಜೊತೆ ಕೂತು ಮೊದಲು ಮಾಡಿದ ಕೆಲಸ ಇದೇ.

ಊರಿನ ಹಿರಿಯರು ಮುಖ್ಯ ಕೇಳುಗರು. ಅವರ ಹತ್ತಿರ ಪೆನ್‌ಡ್ರೈವ್ ಚುಚ್ಚುವ ಸಣ್ಣ ಸ್ಪೀಕರ್ ಪೆಟ್ಟಿಗೆಗಳಿವೆ, ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಇಟ್ಟುಕೊಂಡು ಕೇಳುತ್ತಾರೆ. ಅದಕ್ಕೆ ಪರದೆ ಇಲ್ಲ. ಮುಂದೆ, ಹಿಂದೆ, ನಿಲ್ಲಿಸು, ಅಷ್ಟೇ ಗುಂಡಿ. ಇವರಿಗೆ ನೆಟ್‌ವರ್ಕ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ, ಮಳೆಗಾಲದಲ್ಲಿ ಅದೂ ಇಲ್ಲ. ಎರಡನೆಯವರು ಬೆಂಗಳೂರು, ಹುಬ್ಬಳ್ಳಿಯಲ್ಲಿರುವ ಮಕ್ಕಳು, ಸೊಸೆಯಂದಿರು. ಅವರಿಗೆ ವಾಟ್ಸ್ಯಾಪ್‌ನಲ್ಲಿ ಬಂದರೆ ಕೇಳಿದರು, ಇಲ್ಲದಿದ್ದರೆ ಇಲ್ಲ. ಅಮೆರಿಕದಲ್ಲಿರುವ ಸಂಬಂಧಿಕರು ಹೆಚ್ಚಿನವರು ಐಫೋನ್‌ನವರು, ಕಾರಿನಲ್ಲಿ ಕೇಳುವವರು. ಇನ್ನು ಕೊನೆಯವರು ಕಡಿಮೆ ಜನ, ಆದರೆ ನನಗೆ ಬಹಳ ಮುಖ್ಯ ಅನಿಸಿದವರು: ಹಿಮ್ಮೇಳ (ಪದ್ಯ, ಮದ್ದಲೆ, ಚಂಡೆ) ಕಲಿಯುವ ಹುಡುಗರು ಮತ್ತು ಯಕ್ಷಗಾನದ ಮೇಲೆ ಓದು, ಬರಹ ಮಾಡುವವರು. ಒಬ್ಬ ಮದ್ದಲೆ ಕಲಿಯುವವನು ಅದೇ ಎರಡು ನಿಮಿಷವನ್ನು ಮತ್ತೆ ಮತ್ತೆ ಹಾಕಿಕೊಂಡು, ಬೆರಳಿನ ಪೆಟ್ಟು ಯಾವುದು, ಅಂಗೈ ಪೆಟ್ಟು ಯಾವುದು ಎಂದು ಕೇಳುತ್ತಾನೆ. ಅವನಿಗೆ ಸ್ಪೀಕರ್ ಪೆಟ್ಟಿಗೆಯ ಗುಣಮಟ್ಟ ಸಾಲದು.

ಹೀಗೆ ಬರೆದುಕೊಂಡ ತಕ್ಷಣ ಒಂದು ವಿಷಯ ಖಚಿತವಾಯಿತು. ಒಂದೇ ಫೈಲಿನಿಂದ ಇವರೆಲ್ಲರನ್ನೂ ತೃಪ್ತಿಪಡಿಸಲು ಆಗುವುದಿಲ್ಲ. ಕಾಪಿಡುವ ಪ್ರತಿ ಬೇರೆ, ಹಂಚುವ ಪ್ರತಿ ಬೇರೆ.

ಅಂಗಡಿಯಲ್ಲಿ ಮಾಡಿಸಿದ ಸಿಡಿ

ಈಗ ಆ ಉದಾಹರಣೆ. ಬಹಳ ವರ್ಷದ ಹಿಂದೆ ಮನೆಯವರು ಆರಿಸಿದ ಕೆಲವು ಕ್ಯಾಸೆಟ್‌ಗಳನ್ನು ಒಂದು ಅಂಗಡಿಗೆ ಕೊಟ್ಟು "ಎಂಪಿ3 ಸಿಡಿ" ಮಾಡಿಸಿದ್ದರು. ಆಗ ಎಲ್ಲ ಕಡೆ ಇದೇ ನಡೆಯುತ್ತಿತ್ತು. 700 ಎಂಬಿ ಸಿಡಿಯಲ್ಲಿ 128 ಕೆಬಿಪಿಎಸ್ ಬಿಟ್‌ರೇಟಿನಲ್ಲಿ, ಅಂದರೆ ಸೆಕೆಂಡಿಗೆ 128 ಕಿಲೊಬಿಟ್‌ನಂತೆ ಹಾಕಿದರೆ 12 ಗಂಟೆ ಹಿಡಿಯುತ್ತದೆ, 64ರಲ್ಲಿ ಹಾಕಿದರೆ 24 ಗಂಟೆ. ಅಂಗಡಿಯವರು 64ರಲ್ಲಿ, ಅದೂ ಸ್ಟೀರಿಯೊ, ಅಂದರೆ ಎಡ, ಬಲ ಎರಡು ಚಾನೆಲ್ ಮಾಡಿ ಹಾಕಿದ್ದರು. ಟೇಪಿನ ಸುಯ್ ಸದ್ದು ಹೋಗಲಿ ಎಂದು ಅದರ ಮೇಲೆ ಗಟ್ಟಿಯಾಗಿ ಫಿಲ್ಟರ್ ಬೇರೆ. ಸಿಡಿ ಬಂದಿತಲ್ಲ ಎಂದು ಮನೆಯವರು ಆ ಕ್ಯಾಸೆಟ್‌ಗಳನ್ನು ಎಸೆದುಬಿಟ್ಟರು.

ಅವೇ ಕೂಟಗಳು ಮನೆಯವರಿಗೆ ಅತ್ಯಂತ ಇಷ್ಟದವು, ಅದಕ್ಕೇ ಮೊದಲು ಮಾಡಿಸಿದ್ದು. ಈಗ ಉಳಿದಿರುವುದು ಆ ಎಂಪಿ3 ಮಾತ್ರ.

ಅದನ್ನು ಇಯರ್‌ಫೋನ್ ಹಾಕಿ ಕೇಳಿದರೆ ಏನಾಗಿದೆ ಎಂದು ತಿಳಿಯುತ್ತದೆ. ಅರ್ಥಧಾರಿಯ "ಶ" ಮತ್ತು "ಸ" ಎರಡೂ ಒಂದೇ ಆಗಿವೆ. ಈ ಅಕ್ಷರಗಳ ಜೀವ ಇರುವುದು ಎತ್ತರದ ಕಂಪನಗಳಲ್ಲಿ, ಟೇಪಿನ ಸುಯ್ ಸದ್ದು ಕಿವಿಗೆ ಚುಚ್ಚುವುದೂ ಅಲ್ಲೇ. ಒಂದನ್ನು ಒರೆಸಲು ಹೋಗಿ ಇನ್ನೊಂದನ್ನೂ ಒರೆಸಿದ್ದಾರೆ. ತಾಳದ ಗುಂಗು ಹೋಗಿ ಬರೀ ತಟ್ ಅನ್ನುವ ತುದಿ ಉಳಿದಿದೆ. ಮಳೆಯ ಸದ್ದು ನೀರೊಳಗೆ ಗುಳ್ಳೆ ಏಳುವ ಹಾಗೆ ಕೇಳುತ್ತದೆ. ಯಾಕೆಂದರೆ ಕಡಿಮೆ ಬಿಟ್‌ರೇಟಿನ ಎಂಪಿ3ಗೆ ಮಳೆಯಂಥ ಗೊತ್ತುಗುರಿ ಇಲ್ಲದ ಸದ್ದನ್ನು ಹಿಡಿಯುವಷ್ಟು ಬಿಟ್‌ಗಳೇ ಇರುವುದಿಲ್ಲ, ಕ್ಷಣಕ್ಕೊಂದು ಕಂಪನದ ಪಟ್ಟಿಯನ್ನು ಬಿಡುತ್ತಾ, ಹಿಡಿಯುತ್ತಾ ಹೋಗುತ್ತದೆ.

ಸ್ನೇಹಿತನ ತಮ್ಮ ಕೇಳಿದ, "ಅಣ್ಣ, ಇದನ್ನ 320 ಕೆಬಿಪಿಎಸ್‌ಗೆ ಕನ್ವರ್ಟ್ ಮಾಡಿದ್ರೆ ಸರಿ ಹೋಗಲ್ವಾ?" ಇಲ್ಲ. ಫೈಲ್ ಐದು ಪಟ್ಟು ದೊಡ್ಡದಾಗುತ್ತದೆ, ಹೋದ ಸದ್ದು ಬರುವುದಿಲ್ಲ. ಅದರ ಬದಲು ಇನ್ನೊಂದು ಸಲ ನಷ್ಟವಾಗುತ್ತದೆ, ಏಕೆಂದರೆ ಎಂಪಿ3ಯನ್ನು ಬಿಚ್ಚಿ ಮತ್ತೆ ಎಂಪಿ3 ಮಾಡಿದಾಗಲೆಲ್ಲ ಅದು ಮತ್ತಷ್ಟು ಕತ್ತರಿಸುತ್ತದೆ. ಸದ್ದನ್ನು ಒಂದಿಷ್ಟೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಫೈಲ್ ಮಾಡಿದರೆ ಹೊಸ ನಷ್ಟ ಇಲ್ಲ, ನಿಜ. ಆದರೆ ಮುಂದೆ ಯಾರೋ ಅದನ್ನು ನೋಡಿ ಇದು ಮೂಲ ಪ್ರತಿ ಎಂದುಕೊಳ್ಳುತ್ತಾರೆ. ಆದ್ದರಿಂದ ಆ ಎಂಪಿ3ಗಳನ್ನು ಒಂದು ಬಿಟ್ ಕೂಡ ಮುಟ್ಟದೆ ಇದ್ದ ಹಾಗೇ ಬೇರೆ ಫೋಲ್ಡರಿನಲ್ಲಿ ಇಟ್ಟೆವು, ಕ್ಯಾಸೆಟ್ ಇಲ್ಲ, ಇದೇ ಮೂಲ ಎಂದು ಪಕ್ಕದಲ್ಲಿ ಒಂದು ಚೀಟಿ ಫೈಲ್ ಬರೆದಿಟ್ಟೆವು.

ಕಾಪಿಡುವ ಪ್ರತಿ

ಉಳಿದ ಕ್ಯಾಸೆಟ್‌ಗಳ ವಿಷಯದಲ್ಲಿ ನಿರ್ಧಾರ ಸುಲಭವಾಗಿತ್ತು. 48 ಕಿಲೊಹರ್ಟ್ಸ್, 24 ಬಿಟ್, ಸ್ಟೀರಿಯೊ. ಅಂದರೆ ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆದು ಮಾದರಿ ತೆಗೆದು, ಒಂದೊಂದು ಮಾದರಿಯನ್ನೂ 24 ಬಿಟ್‌ನಲ್ಲಿ ಬರೆದಿಡುವುದು. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘವಾದ ಐಎಎಸ್‌ಎ ಹಳೆಯ ಅನಲಾಗ್ ರೆಕಾರ್ಡಿಂಗ್‌ಗಳಿಗೆ ಕನಿಷ್ಠ ಇಷ್ಟಿರಲಿ ಎನ್ನುತ್ತದೆ. 96 ಕಿಲೊಹರ್ಟ್ಸ್ ಯಾಕೆ ಬೇಡ ಎಂದು ಕೇಳಿದವರಿದ್ದಾರೆ. 48ರಲ್ಲೇ 24,000 ಹರ್ಟ್ಸ್‌ವರೆಗಿನ ಸದ್ದು ಸಿಗುತ್ತದೆ. ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವ ಕ್ಯಾಸೆಟ್ಟಿನಲ್ಲಿ, ಕೈಯಲ್ಲಿ ಹಿಡಿಯುವ ರೆಕಾರ್ಡರಿನ ಒಳಗಿನ ಮೈಕಿನಿಂದ ಹಿಡಿದದ್ದರಲ್ಲಿ 24,000 ಹರ್ಟ್ಸ್ ಮೇಲೆ ಏನೂ ಇಲ್ಲ. ಡಿಸ್ಕ್ ತುಂಬುತ್ತದೆ, ಸುಮ್ನೆ.

ಆದರೆ ಕುಗ್ಗಿಸದೆ ಇಡುವ ವೇವ್‌ನಲ್ಲಿ ಇಡಬೇಕೋ ಫ್ಲ್ಯಾಕ್‌ನಲ್ಲೋ? ವೇವ್ 1991ರಿಂದ ಇದೆ, ಎಲ್ಲ ಕಡೆ ತೆರೆಯುತ್ತದೆ, ದೊಡ್ಡ ಸಂಗ್ರಹಾಲಯಗಳು ಅದರ ಒಂದು ಬಗೆಯನ್ನೇ ಬಳಸುತ್ತವೆ. ಆದರೂ ನಾವು ಫ್ಲ್ಯಾಕ್ ಆರಿಸಿದೆವು. ಜಾಗ ಉಳಿಯುತ್ತದೆ ಎಂಬುದು ಮುಖ್ಯ ಕಾರಣವಲ್ಲ. ಒಂದು ಕ್ಯಾಸೆಟ್ಟಿನ ಒಂದು ಮಗ್ಗುಲು, ಅಂದರೆ 45 ನಿಮಿಷ, ವೇವ್‌ನಲ್ಲಿ 780 ಎಂಬಿ ಹತ್ತಿರ ಬರುತ್ತದೆ. ಮಳೆ, ಟೇಪಿನ ಸದ್ದು ಇದ್ದದ್ದರಿಂದ ಫ್ಲ್ಯಾಕ್ ಅದರಲ್ಲಿ ಸುಮಾರು ಮೂರನೇ ಒಂದು ಪಾಲು ಜಾಗ ಮಾತ್ರ ಉಳಿತಾಯ ಮಾಡಿತು. ನಷ್ಟವಿಲ್ಲದೆ ಕುಗ್ಗಿಸಬೇಕಾದರೆ ಸದ್ದಿನಲ್ಲಿ ಮುಂದೇನು ಬರುತ್ತದೆ ಎಂದು ಊಹಿಸಲು ಆಗಬೇಕು, ಮಳೆಯನ್ನು ಊಹಿಸಲು ಆಗುವುದಿಲ್ಲ.

ಮುಖ್ಯ ಕಾರಣಗಳು ಬೇರೆ. ಫ್ಲ್ಯಾಕ್ ಫೈಲಿನ ಒಳಗೇ ಕನ್ನಡದಲ್ಲಿ ಬರೆದಿಡಬಹುದು: ಪ್ರಸಂಗ, ಊರು, ವರ್ಷ, ಭಾಗವತರು ಯಾರು, ಅರ್ಥಧಾರಿಗಳು ಯಾರು, ಮದ್ದಲೆ, ಚಂಡೆ ಯಾರದು. ಅದರ ಟಿಪ್ಪಣಿಗಳು ಯೂನಿಕೋಡ್‌ನಲ್ಲೇ ಇರಬೇಕು ಎಂದು ನಿಯಮವಿದೆ, ಹಾಗಾಗಿ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಾಗ ಕನ್ನಡ ಚೌಕ ಚೌಕವಾಗುವುದಿಲ್ಲ. ವೇವ್‌ನಲ್ಲಿ ಈ ಭರವಸೆ ಇಲ್ಲ. ಕ್ಯಾಸೆಟ್ ಡಬ್ಬಿಯ ಮೇಲೆ ಶಾಯಿಯಲ್ಲಿ ಬರೆದದ್ದು ಅರ್ಧ ಅಳಿಸಿಹೋಗಿತ್ತು. ಯಜಮಾನರು, ಅಂದರೆ ಸ್ನೇಹಿತನ ಅಪ್ಪ, ಪಕ್ಕದಲ್ಲಿ ಕೂತು ದನಿ ಕೇಳಿಯೇ ಇದು ಇಂಥವರು, ಇದು ಇಂಥ ಮನೆಯ ಜಗಲಿ ಎಂದು ಹೇಳಿದರು. ಆ ಮಾಹಿತಿ ಅವರ ತಲೆಯಲ್ಲಿ ಬಿಟ್ಟು ಬೇರೆಲ್ಲೂ ಇರಲಿಲ್ಲ. ಅದನ್ನು ಫೈಲಿನಿಂದ ಬೇರೆಯಾಗಿ ಒಂದು ಪುಸ್ತಕದಲ್ಲಿ ಬರೆದಿಟ್ಟರೆ ನಾಳೆ ಪುಸ್ತಕ ಒಂದು ಕಡೆ, ಫೈಲ್ ಒಂದು ಕಡೆ ಆಗುತ್ತದೆ.

ಇನ್ನೊಂದು ಕಾರಣ, ಫ್ಲ್ಯಾಕ್ ತನ್ನೊಳಗಿನ ಸದ್ದಿನ ಗುರುತನ್ನು ಒಂದು ಸಂಕೇತವಾಗಿ ತಾನೇ ಇಟ್ಟುಕೊಂಡಿರುತ್ತದೆ. ಫೈಲ್ ಎಲ್ಲಾದರೂ ಕೆಟ್ಟಿದ್ದರೆ ಪರೀಕ್ಷೆ ಮಾಡಿದಾಗ ಗೊತ್ತಾಗುತ್ತದೆ. ಒಂದು ಹಾರ್ಡ್ ಡಿಸ್ಕಿನಿಂದ ಇನ್ನೊಂದಕ್ಕೆ ಪ್ರತಿ ಮಾಡಿದ ಮೇಲೆ ಹೀಗೆ ಎಲ್ಲವನ್ನೂ ಪರೀಕ್ಷಿಸಿದಾಗ ಒಂದು ಫೈಲ್ ಹಾಳಾಗಿದ್ದು ಸಿಕ್ಕಿತು, ಮೊದಲ ಡಿಸ್ಕಿನಿಂದ ಮತ್ತೆ ಹಾಕಿಕೊಂಡೆವು. ವೇವ್ ಆಗಿದ್ದರೆ ಯಾವತ್ತೋ ಯಾರೋ ಕೇಳುವಾಗ ಕರ್ ಎಂದು ಸದ್ದು ಬರುವವರೆಗೂ ತಿಳಿಯುತ್ತಿರಲಿಲ್ಲ. 2024ರ ಡಿಸೆಂಬರಿನಲ್ಲಿ ಫ್ಲ್ಯಾಕ್ ಆರ್‌ಎಫ್‌ಸಿ 9639 ಎಂಬ ಹೆಸರಿನಲ್ಲಿ ಅಧಿಕೃತ ಅಂತರ್ಜಾಲ ಮಾನದಂಡವೂ ಆಗಿದೆ. 20 ವರ್ಷದ ನಂತರ ಇದನ್ನು ತೆರೆಯುವವರು ಇರುತ್ತಾರೋ ಇಲ್ಲವೋ ಎಂಬ ಚಿಂತೆ ನನಗಿಲ್ಲ.

ಈ ಪ್ರತಿಯಲ್ಲಿ ನಾವು ಸದ್ದು ಶುದ್ಧ ಮಾಡಲಿಲ್ಲ, ಜೋರು ಮಾಡಲಿಲ್ಲ. ಟೇಪಿನಲ್ಲಿ ಹೇಗಿದೆಯೋ ಹಾಗೆ. ಬಿತ್ತನೆಗೆ ಇಟ್ಟ ಭತ್ತವನ್ನು ಯಾರೂ ಮಿಲ್ಲಿಗೆ ಹಾಕುವುದಿಲ್ಲ.

ಫಾರ್ಮ್ಯಾಟ್‌ಗಿಂತ ಮೊದಲು ಮೊನೊ

ಹಂಚುವ ಪ್ರತಿಯ ವಿಷಯಕ್ಕೆ ಬಂದರೆ, ಅತಿ ಹೆಚ್ಚು ವ್ಯತ್ಯಾಸ ಮಾಡಿದ ನಿರ್ಧಾರ ಎಂಪಿ3ಯೋ ಅದಕ್ಕಿಂತ ಹೊಸ ಕೋಡೆಕ್ ಆದ ಓಪಸ್ಸೋ ಎಂಬುದಲ್ಲ. ಮೊನೊ, ಅಂದರೆ ಒಂದೇ ಚಾನೆಲ್ ಮಾಡಿದ್ದು. ಇದನ್ನು ಯಾರೂ ಹೇಳುವುದೇ ಇಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆ ರೆಕಾರ್ಡರ್ ಮೊನೊ, ಒಂದೇ ಮೈಕು. ಎಡಕ್ಕೂ ಬಲಕ್ಕೂ ಇರುವುದು ಒಂದೇ ಸದ್ದು. ಅದನ್ನು ಸ್ಟೀರಿಯೊ ಎಂಪಿ3 ಮಾಡಿದರೆ ಇರುವ ಬಿಟ್‌ಗಳಲ್ಲಿ ಒಂದಷ್ಟು ಎರಡು ಚಾನೆಲ್‌ಗಳ ನಡುವಿನ ಟೇಪ್ ಸದ್ದಿನ ವ್ಯತ್ಯಾಸ ಹಿಡಿಯಲು ಖರ್ಚಾಗುತ್ತವೆ, ಮಾತಿಗೆ ಉಳಿಯುವುದು ಕಡಿಮೆ. 64 ಕೆಬಿಪಿಎಸ್ ಸ್ಟೀರಿಯೊ ಇಷ್ಟು ಕೆಟ್ಟದಾಗಿ ಕೇಳಲು ಅದೂ ಒಂದು ಕಾರಣ. ಅದೇ 64 ಮೊನೊದಲ್ಲಿ ಎಷ್ಟೋ ವಾಸಿ.

ಆದರೆ ಸುಮ್ಮನೆ ಎಡ, ಬಲ ಕೂಡಿಸಿಬಿಟ್ಟರೆ ಆಗುವುದಿಲ್ಲ. ಟೇಪ್ ಡೆಕ್ಕಿನ ಹೆಡ್ ಕ್ಯಾಸೆಟ್ ಹಿಡಿದಾಗ ಇದ್ದ ಕೋನದಲ್ಲೇ ಇರಬೇಕು. ಕೂದಲೆಳೆಯಷ್ಟು ವಾಲಿದ್ದರೂ ಎಡ ಚಾನೆಲ್ಲಿಗೂ ಬಲ ಚಾನೆಲ್ಲಿಗೂ ಸಣ್ಣ ಸಮಯದ ವ್ಯತ್ಯಾಸ ಬರುತ್ತದೆ. ಆಗ ಎರಡನ್ನೂ ಕೂಡಿಸಿದರೆ ಮೇಲಿನ ಸ್ವರಗಳು ಒಂದನ್ನೊಂದು ಹೊಡೆದು ಹಾಕಿಕೊಳ್ಳುತ್ತವೆ. ತಾಳದ ಕಿಣಿ ಮಂಕಾಗುತ್ತದೆ, ಮಾತು ಕಂಬಳಿ ಹೊದ್ದ ಹಾಗಾಗುತ್ತದೆ. ಹೆಡ್ಡಿನ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಕೇಳುವ ದಾರಿಯನ್ನು ಮೊನೊ ಮಾಡಿಕೊಂಡು, ಸ್ಕ್ರೂವನ್ನು ನಿಧಾನ ತಿರುಗಿಸುತ್ತಾ ಹೋದರೆ ಒಂದು ಜಾಗದಲ್ಲಿ ತಾಳ ಥಟ್ಟನೆ ತೆರೆದುಕೊಳ್ಳುತ್ತದೆ, ಪರದೆ ಸರಿಸಿದಂತೆ ಗೊತ್ತಾಗುತ್ತದೆ. ಪ್ರತಿ ಕ್ಯಾಸೆಟ್ಟಿಗೂ, ಕೆಲವು ಸಲ ಪ್ರತಿ ಮಗ್ಗುಲಿಗೂ ಇದನ್ನು ಮಾಡಬೇಕು. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟು ಆಮೇಲೆ 320 ಕೆಬಿಪಿಎಸ್ ಹಾಕಿದರೂ ಪ್ರಯೋಜನ ಇಲ್ಲ. ಸರಿಯಾಗಿ ಕೂಡಿತು ಎಂದರೆ ಇನ್ನೊಂದು ಲಾಭವಿದೆ: ಎರಡೂ ಕಡೆಯ ಮಾತು ಒಂದೇ ಆದ್ದರಿಂದ ಪೂರ್ತಿ ಕೂಡುತ್ತದೆ, ಟೇಪಿನ ಸದ್ದು ಬೇರೆ ಬೇರೆ ಆದ್ದರಿಂದ ಅಷ್ಟು ಕೂಡುವುದಿಲ್ಲ. ಯಾವ ಫಿಲ್ಟರೂ ಇಲ್ಲದೆ 3 ಡೆಸಿಬಲ್‌ನಷ್ಟು ಶುದ್ಧ ಸಿಗುತ್ತದೆ.

ಕಾಪಿಡುವ ಪ್ರತಿ ಮಾತ್ರ ಸ್ಟೀರಿಯೊ ಆಗಿಯೇ ಇರಬೇಕು. ನಾಳೆ ಯಾರಾದರೂ ಆ ಸಮಯದ ವ್ಯತ್ಯಾಸವನ್ನು ಕಂಪ್ಯೂಟರಿನಲ್ಲೇ ಇನ್ನೂ ಚೆನ್ನಾಗಿ ಸರಿಮಾಡಬಹುದು, ಅದಕ್ಕೆ ಎರಡೂ ಚಾನೆಲ್ ಬೇಕು.

ಹಂಚುವ ಪ್ರತಿ: ಯಾವುದು ಎಲ್ಲಿ ಓಡಿತು

ಕೇಳಿ ನೋಡಲು ಒಂದೇ ತುಣುಕನ್ನು ಆರಿಸಿಕೊಂಡೆವು. ಮಳೆ ಇರಬೇಕು, ಮೆಲ್ಲಗಿನ ಅರ್ಥ ಇರಬೇಕು, ಅದು ಮುಗಿದ ಕೂಡಲೇ ಚಂಡೆ ಬೀಳಬೇಕು. ಇದನ್ನೇ ಎಂಪಿ3, ಎಎಸಿ, ಓಗ್ ವೋರ್ಬಿಸ್, ಓಪಸ್ ಎಂಬ ನಾಲ್ಕು ಕೋಡೆಕ್‌ಗಳಲ್ಲೂ ಬೇರೆ ಬೇರೆ ಬಿಟ್‌ರೇಟಿನಲ್ಲಿ ಮಾಡಿ, ಹೆಸರು ಮುಚ್ಚಿ ಮನೆಯವರಿಗೆ ಕೇಳಿಸಿದೆವು.

ಗುಣಮಟ್ಟ ಒಂದನ್ನೇ ನೋಡಿದರೆ ಓಪಸ್ ಗೆದ್ದಿತು, ಅದರಲ್ಲಿ ಅನುಮಾನವಿಲ್ಲ. 2012ರಲ್ಲಿ ಮಾನದಂಡವಾದ ಕೋಡೆಕ್ ಇದು. ಮಾತಿಗೆಂದು ಸ್ಕೈಪ್‌ನವರು ಮಾಡಿದ್ದು ಒಂದು, ಸಂಗೀತಕ್ಕೆಂದು ಝಿಫ್ ಎಂಬ ಸಂಸ್ಥೆಯವರು ಮಾಡಿದ್ದು ಇನ್ನೊಂದು, ಎರಡನ್ನೂ ಒಟ್ಟು ಸೇರಿಸಿದ್ದಾರೆ. ಮಾತು, ಪದ್ಯ ಎರಡೂ ಇರುವ ತಾಳಮದ್ದಲೆಗೆ ಹೇಳಿ ಮಾಡಿಸಿದ ಹಾಗಿದೆ. 32 ಕೆಬಿಪಿಎಸ್ ಮೊನೊದಲ್ಲಿ ಮಾತು ಸ್ಪಷ್ಟ, 45 ನಿಮಿಷದ ಒಂದು ಮಗ್ಗುಲು ಬರೀ 11 ಎಂಬಿ. ವಾಟ್ಸ್ಯಾಪ್‌ನ ವಾಯ್ಸ್ ಮೆಸೇಜ್‌ಗಳೂ ಓಪಸ್ಸೇ.

ಎಂಪಿ3 64ರಲ್ಲಿ ಮಾತು ಚೆನ್ನಾಗಿತ್ತು, ಚಂಡೆಯಲ್ಲಿ ಸಿಕ್ಕಿಬಿದ್ದಿತು. ಎಂಪಿ3 ಸದ್ದನ್ನು ಸಣ್ಣ ಸಣ್ಣ ತುಂಡು ಮಾಡಿ ಒಂದೊಂದು ತುಂಡಿಗೂ ಬಿಟ್‌ಗಳನ್ನು ಹಂಚುತ್ತದೆ. ಅದರ ಒಂದು ಫ್ರೇಮ್ 1,152 ಮಾದರಿಗಳದ್ದು, 48 ಕಿಲೊಹರ್ಟ್ಸ್‌ನಲ್ಲಿ 24 ಮಿಲಿಸೆಕೆಂಡ್. ಕತ್ತರಿಸುವುದರಿಂದ ಬರುವ ಗಲೀಜು ತುಂಡಿನ ಉದ್ದಕ್ಕೂ ಹರಡಿಕೊಳ್ಳುತ್ತದೆ. ಪೆಟ್ಟು ತುಂಡಿನ ಕೊನೆಯಲ್ಲಿ ಬಿದ್ದರೆ ಗಲೀಜು ಪೆಟ್ಟಿಗಿಂತ ಮುಂಚೆಯೇ ಕೇಳುತ್ತದೆ, ಚಂಡೆ ಬೀಳುವ ಮೊದಲೇ "ಸ್ಸ್" ಎಂದು ಒಂದು ನೆರಳು. ಇಂಥ ಕಡೆ ಎನ್‌ಕೋಡರ್ ಚಿಕ್ಕ ತುಂಡುಗಳಿಗೆ ಬದಲಾಯಿಸುತ್ತದೆ, ಆದರೆ ಬಿಟ್‌ಗಳೇ ಸಾಲದಿದ್ದರೆ ಅದೂ ಕೈಚೆಲ್ಲುತ್ತದೆ. 96 ಮೊನೊಕ್ಕೆ ಏರಿಸಿದಾಗ ಆ ನೆರಳು ಹೋಯಿತು. ಮನೆಯವರಲ್ಲಿ ಅತ್ತೆಯೊಬ್ಬರ ಕಿವಿ ಬಹಳ ಸೂಕ್ಷ್ಮ, 96ರದ್ದು ಮತ್ತು ಫ್ಲ್ಯಾಕ್ ಯಾವುದು ಯಾವುದೆಂದು ಅವರಿಗೂ ಹೇಳಲು ಆಗಲಿಲ್ಲ.

ಈಗ ಅದೇ ಫೈಲುಗಳನ್ನು ಕೇಳುವವರ ಯಂತ್ರಗಳಿಗೆ ಹಾಕಿದೆವು. ಇಲ್ಲಿ ಪಟ್ಟಿ ತಿರುಗಿಬಿತ್ತು. ಓಪಸ್ ಫೈಲನ್ನು ಸ್ಪೀಕರ್ ಪೆಟ್ಟಿಗೆ ಫೈಲೆಂದೇ ಪರಿಗಣಿಸಲಿಲ್ಲ, ಒಂದು ಚೂರೂ ಸದ್ದಿಲ್ಲ. ವೋರ್ಬಿಸ್‌ಗೂ ಅದೇ ಗತಿ. ಕೆಲವು ವರ್ಷ ಹಳೆಯ ಐಫೋನ್‌ನಲ್ಲಿ ಓಪಸ್ ಫೈಲನ್ನು ಒತ್ತಿದರೆ ಏನೂ ಆಗುತ್ತಿರಲಿಲ್ಲ, ಬೇರೆ ಆ್ಯಪ್ ಹಾಕಿಕೊಳ್ಳಿ ಎಂದು ಹೇಳಬೇಕಾಗುತ್ತಿತ್ತು. ಕಾರುಗಳಲ್ಲೂ ಇಲ್ಲ. ಎಎಸಿ, ಅಂದರೆ ಎಂ4ಎ ಫೈಲು, ಫೋನ್‌ಗಳಲ್ಲಿ, ಹೊಸ ಕಾರುಗಳಲ್ಲಿ ಚೆನ್ನಾಗಿ ಓಡಿತು, ಪೆಟ್ಟಿಗೆಯಲ್ಲಿ ಮಾತ್ರ ಕೈಕೊಟ್ಟಿತು. ಎಲ್ಲ ಕಡೆ, ಒಂದು ಮಾತೂ ಆಡದೆ ಓಡಿದ್ದು ಎಂಪಿ3 ಒಂದೇ.

ಎಂಪಿ3 ಹಳೆಯದಾಯಿತು ಎಂದು ಜನ ಹೇಳುತ್ತಲೇ ಇರುತ್ತಾರೆ. 2017ರ ಏಪ್ರಿಲ್ 23ಕ್ಕೆ ಅದರ ಪೇಟೆಂಟ್ ಪರವಾನಗಿ ಕೊಡುವುದನ್ನು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ನಿಲ್ಲಿಸಿದಾಗ ಎಂಪಿ3 ಸತ್ತೇಹೋಯಿತು ಎಂದು ಸುದ್ದಿಗಳು ಬಂದವು. ನಿಜವಾಗಿ ಆಗಿದ್ದು ಅದರ ವಿರುದ್ಧ. ಪೇಟೆಂಟ್ ಮುಗಿದ ಮೇಲೆ ಯಾರು ಬೇಕಾದರೂ ಯಾರಿಗೂ ದುಡ್ಡು ಕೊಡದೆ ಅದನ್ನು ಬಳಸಬಹುದು. ನಮ್ಮಂಥ ಕೆಲಸಕ್ಕೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಅಡಿಕೆ ಸುಲಿಯುವ ಜಾಗದಲ್ಲಿ ಕೂತಿರುವ ಅಜ್ಜನಿಗೆ ಕೇಳದ ಫಾರ್ಮ್ಯಾಟ್ ಎಷ್ಟು ಚೆನ್ನಾಗಿದ್ದರೂ ನನಗೆ ಬೇಡ. ಎಲ್ಲಕ್ಕಿಂತ ಬಡ ಯಂತ್ರ ಯಾವುದೋ ಅದರಲ್ಲಿ ಓಡಬೇಕು, ಎಷ್ಟು ಚೆನ್ನಾಗಿ ಎಂಬುದು ಆಮೇಲೆ.

ಹಾಗಾಗಿ ಎಂಪಿ3, 96 ಕೆಬಿಪಿಎಸ್, ಮೊನೊ. ಬಿಟ್‌ರೇಟ್ ಏರಿಳಿಯುವ ಬಗೆ ತಾಂತ್ರಿಕವಾಗಿ ಮೇಲು, ಗೊತ್ತು. ಆದರೂ ಒಂದೇ ಸಮ ಇರುವುದನ್ನೇ ಹಾಕಿದೆವು, ಅಗ್ಗದ ಪ್ಲೇಯರ್‌ಗಳಲ್ಲಿ ಮುಂದೆ, ಹಿಂದೆ ಓಡಿಸುವಾಗ ಲೆಕ್ಕ ತಪ್ಪುವುದಿಲ್ಲ ಎಂಬ ಕಾರಣಕ್ಕೆ. ಈ ಪ್ರತಿಯಲ್ಲಿ ಮಾತ್ರ ಅರ್ಥವನ್ನು ಸ್ವಲ್ಪ ಎತ್ತರಿಸಿ, ಚಂಡೆಯನ್ನು ಸ್ವಲ್ಪ ತಗ್ಗಿಸಿದ್ದೇವೆ, ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಾತು ಕೇಳಲಿ ಎಂದು. ಸುಯ್ ಸದ್ದು ತೆಗೆಯುವ ಗೋಜಿಗೆ ಹೋಗಲಿಲ್ಲ.

20 ನಿಮಿಷದ ತುಂಡುಗಳು

96 ಕೆಬಿಪಿಎಸ್‌ನಲ್ಲಿ ಒಂದು ಮಗ್ಗುಲು 32 ಎಂಬಿ. ವಾಟ್ಸ್ಯಾಪ್‌ನಲ್ಲಿ ಆಡಿಯೊ ಎಂದು ಕಳಿಸಲು ಇರುವ ಮಿತಿ 16 ಎಂಬಿ. ಡಾಕ್ಯುಮೆಂಟ್ ಎಂದು ಕಳಿಸಿದರೆ 2 ಜಿಬಿವರೆಗೂ ಹೋಗುತ್ತದೆ, ಆದರೆ ಹಿರಿಯರಿಗೆ ಅದನ್ನು ತೆರೆಯುವುದು ಕಷ್ಟ, ಆಡಿಯೊ ಆದರೆ ಒಂದು ಗುಂಡಿ ಒತ್ತಿದರೆ ಆಯಿತು. ಸ್ಪೀಕರ್ ಪೆಟ್ಟಿಗೆಗೂ ಒಂದು ರೋಗವಿದೆ: ಕರೆಂಟ್ ಹೋಗಿ ಬಂದರೆ ಎಲ್ಲಿಗೆ ನಿಂತಿತ್ತು ಎಂಬ ನೆನಪಿರುವುದಿಲ್ಲ, ಫೈಲಿನ ಮೊದಲಿನಿಂದ ಶುರು ಮಾಡುತ್ತದೆ. ಮಳೆಗಾಲದಲ್ಲಿ ಕರೆಂಟಿನ ಕಥೆ ಗೊತ್ತಲ್ಲ, 40 ನಿಮಿಷ ಕೇಳಿದ ಮೇಲೆ ಹೀಗಾದರೆ ಯಾರಿಗೆ ತಾಳ್ಮೆ ಇರುತ್ತದೆ?

ಎರಡಕ್ಕೂ ಒಂದೇ ಮದ್ದು. ಪ್ರತಿ ಮಗ್ಗುಲನ್ನು 20 ನಿಮಿಷ ದಾಟದ ತುಂಡುಗಳಾಗಿ ಮಾಡಿದೆವು, 20 ನಿಮಿಷಕ್ಕೆ 14.4 ಎಂಬಿ. ಗಡಿಯಾರ ನೋಡಿ ಕತ್ತರಿಸಲಿಲ್ಲ. ಒಂದು ಪದ್ಯ ಶುರುವಾಗುವ ಕಡೆ ಕತ್ತರಿಸಿದೆವು, ಆ ಪದ್ಯದ ಅರ್ಥ ಮುಗಿಯುವವರೆಗೆ ಒಂದೇ ತುಂಡಿನಲ್ಲಿ ಇರುವ ಹಾಗೆ. ಇದನ್ನು ಯಂತ್ರಕ್ಕೆ ಬಿಡಲು ಆಗುವುದಿಲ್ಲ, ಕೂತು ಕೇಳಬೇಕು. ಯಜಮಾನರೇ ಕೇಳಿ, ಕೈ ಎತ್ತಿ, "ಇಲ್ಲಿ ಕತ್ತರಿಸು" ಎಂದು ತೋರಿಸುತ್ತಿದ್ದರು.

ಫೈಲಿನ ಹೆಸರನ್ನು ಕನ್ನಡದಲ್ಲಿ ಇಡಬೇಕೆಂಬ ಆಸೆ ನನಗಿತ್ತು. ಫೋನ್‌ಗಳಲ್ಲಿ ಚೆನ್ನಾಗಿ ಕಂಡಿತು, ಕಾರುಗಳ ಪರದೆಯಲ್ಲಿ ಬರೀ ಚೌಕ ಬಂದವು. ಕೊನೆಗೆ ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಮೊದಲಿಗೆ ಸಂಖ್ಯೆ. ಫೈಲಿನೊಳಗಿನ ಟಿಪ್ಪಣಿಗಳಾದ ಟ್ಯಾಗ್‌ಗಳಲ್ಲಿ ಪ್ರಸಂಗ, ಕಲಾವಿದರ ಹೆಸರು ಎಲ್ಲ ಕನ್ನಡದಲ್ಲೇ. ಟ್ಯಾಗ್‌ಗಳಿಗೆ ಎಂಪಿ3ಯಲ್ಲಿ ಟ್ಯಾಗ್ ಬರೆಯುವ ಪದ್ಧತಿಯಾದ ಐಡಿ3ಯ 2.3 ಆವೃತ್ತಿ ಹಾಕಿದೆವು, 2.4 ಹೊಸದು ನಿಜ, ಆದರೆ ಹಳೆಯ ಪ್ಲೇಯರ್‌ಗಳಿಗೆ 2.3 ಜಾಸ್ತಿ ಪರಿಚಯ.

ಪೆನ್‌ಡ್ರೈವ್ ಮಾಡಿ ಕೊಡುವವರಿಗೆ ಒಂದು ಸೂಚನೆ. ಅಗ್ಗದ ಪೆಟ್ಟಿಗೆಗಳಲ್ಲಿ ಬಹಳಷ್ಟು ಫೈಲಿನ ಹೆಸರಿನ ಕ್ರಮ ನೋಡುವುದಿಲ್ಲ, ಪೆನ್‌ಡ್ರೈವ್‌ಗೆ ಯಾವುದು ಮೊದಲು ಬರೆಯಲ್ಪಟ್ಟಿತೋ ಅದನ್ನು ಮೊದಲು ಹಾಕುತ್ತವೆ. ಎಲ್ಲವನ್ನೂ ಒಟ್ಟಿಗೆ ಎಳೆದು ಹಾಕಿದರೆ ಕೆಲವು ಸಲ ಕ್ರಮ ತಪ್ಪುತ್ತದೆ, ಯುದ್ಧ ಮುಗಿದ ಮೇಲೆ ಸಂಧಾನ ಬರುತ್ತದೆ. ಖಾಲಿ ಪೆನ್‌ಡ್ರೈವ್‌ಗೆ ಒಂದೊಂದಾಗಿ, ಕ್ರಮದಲ್ಲಿ ಹಾಕಬೇಕು.

ಕಲಾವಿದರ ಒಪ್ಪಿಗೆಯನ್ನೂ ಕೇಳಿದ್ದೇವೆ. ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಪ್ರದರ್ಶನ ನಡೆದ ವರ್ಷ ಮುಗಿದ ಮೇಲೆ 50 ವರ್ಷ ಇರುತ್ತದೆ, ಅಂದರೆ ಈ ಕೂಟಗಳ ಹಕ್ಕು ಇನ್ನೂ ಜೀವಂತ. ತೀರಿಕೊಂಡವರ ಮನೆಯವರನ್ನು ಹುಡುಕಿ ಕೇಳಿದೆವು. ಒಪ್ಪಿಗೆ ಸಿಗದ ಕೂಟಗಳು ಫ್ಲ್ಯಾಕ್‌ನಲ್ಲಿ ಇವೆ, ಹೊರಗೆ ಹಾಕಿಲ್ಲ.

ಒಪ್ಪಿಗೆ ಸಿಕ್ಕಿದ್ದನ್ನು ಇಂಟರ್ನೆಟ್ ಆರ್ಕೈವ್ ಎಂಬ ಉಚಿತ ಆನ್‌ಲೈನ್ ಸಂಗ್ರಹಕ್ಕೆ ಹಾಕುವಾಗ ಫ್ಲ್ಯಾಕ್ ಕೊಟ್ಟೆವು, ಎಂಪಿ3 ಅಲ್ಲ. ಫ್ಲ್ಯಾಕ್ ಕೊಟ್ಟರೆ ಅದು ತಾನೇ ಎಂಪಿ3 ಮಾಡಿಕೊಂಡು ಎರಡನ್ನೂ ಇಡುತ್ತದೆ. ಮದ್ದಲೆ ಕಲಿಯುವವನು ಫ್ಲ್ಯಾಕ್ ಇಳಿಸಿಕೊಳ್ಳಲಿ, ಉಳಿದವರು ಎಂಪಿ3. ಯೂಟ್ಯೂಬ್‌ಗೂ ಹಾಕಿ ಎಂದು ಮಕ್ಕಳು ಹಟ ಹಿಡಿದರು, ಒಂದು ಚಿತ್ರ ಅಂಟಿಸಿ ಅಲ್ಲಿಗೂ ಹಾಕಿದ್ದೇವೆ. ಅಲ್ಲಿಯೂ ಕೊಟ್ಟದ್ದು ನಷ್ಟವಿಲ್ಲದ ಪ್ರತಿಯನ್ನೇ. ಯೂಟ್ಯೂಬ್ ಹೇಗಿದ್ದರೂ ತನ್ನದೇ ಕೋಡೆಕ್‌ಗೆ ಮತ್ತೆ ಕುಗ್ಗಿಸುತ್ತದೆ, ನಾವು ಮೊದಲೇ ಕುಗ್ಗಿಸಿ ಕೊಟ್ಟರೆ ಎರಡು ಸಲ ನಷ್ಟ.

ಓಪಸ್ಸನ್ನು ಪೂರ್ತಿ ಬಿಟ್ಟಿಲ್ಲ. ಆ್ಯಂಡ್ರಾಯ್ಡ್ ಫೋನ್ ಇದ್ದು ನೆಟ್‌ವರ್ಕ್ ತೀರಾ ಕಮ್ಮಿ ಇರುವ ನಾಲ್ಕಾರು ಮನೆಗಳಿಗೆ 32 ಕೆಬಿಪಿಎಸ್‌ನ ಓಪಸ್ ಕಳಿಸುತ್ತೇವೆ, ಪೂರ್ತಿ ಮಗ್ಗುಲು 11 ಎಂಬಿಯಲ್ಲಿ ಅಂಗಳದ ಮೂಲೆಗೂ ಬರುತ್ತದೆ.

ಈಗ ಹೊಸ ತಲೆನೋವು ಬೇರೆ ಬಗೆಯದು. ಈ ಮನೆಯ ಕೆಲಸ ನೋಡಿ ಸುತ್ತಲಿನ ಹುಡುಗರು ಈಗ ನಡೆಯುವ ಕೂಟಗಳನ್ನು ಫೋನಿನಲ್ಲಿ ಹಿಡಿದು ಕಳಿಸುತ್ತಿದ್ದಾರೆ. ಕೆಲವರು ಸ್ಪೀಕರಿನಿಂದ ಕೇಳಿಸುತ್ತಾ ವಾಯ್ಸ್ ಮೆಸೇಜ್ ಒತ್ತಿ ಹಿಡಿದು ಕಳಿಸುತ್ತಾರೆ, ಅದರಲ್ಲಿ ಏನೂ ಉಳಿದಿರುವುದಿಲ್ಲ. ಅವರಿಗೆ ಹೇಳಿರುವುದು ಇಷ್ಟು: ಫೋನಿನ ರೆಕಾರ್ಡರ್ ಆ್ಯಪ್‌ನಲ್ಲಿ ಹಿಡಿಯಿರಿ, ಗುಣಮಟ್ಟದ ಆಯ್ಕೆ ಇದ್ದರೆ ಮೇಲಿನದ್ದು ಇಡಿ. ಅದು ಎಂ4ಎ ಕೊಟ್ಟರೆ ಎಂ4ಎ, ವೇವ್ ಕೊಟ್ಟರೆ ವೇವ್, ಯಾವುದಕ್ಕೂ ಬದಲಾಯಿಸಬೇಡಿ, ಕತ್ತರಿಸಬೇಡಿ. ಡಾಕ್ಯುಮೆಂಟ್ ಎಂದು ಕಳಿಸಿ, ಜೊತೆಗೆ ಊರು, ದಿನ, ಹಿಮ್ಮೇಳ, ಮುಮ್ಮೇಳ (ಅರ್ಥಧಾರಿಗಳು) ಯಾರು ಎಂದು ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಎಂಪಿ3 ಮಾಡುವುದು ನಮ್ಮ ಕೆಲಸ.